ಗುಳಿಗೆಯೂ ಕಿಮೋವೂ ಒಟ್ಟಿಗೆ: ಮುಂದುವರಿದ ಶ್ವಾಸಕೋಶದ ಕ್ಯಾನ್ಸರಿನ ಜೋಡಿ ಚಿಕಿತ್ಸೆಯನ್ನು ಮನೆಯವರು ನಿಭಾಯಿಸುವ ಬಗೆ

ಶ್ವಾಸಕೋಶದ ಕ್ಯಾನ್ಸರ್ ನಾಲ್ಕನೆಯ ಹಂತದಲ್ಲಿದೆ, ಕ್ಯಾನ್ಸರ್ ಕೋಶದ ಒಂದು ನಿರ್ದಿಷ್ಟ ದೋಷವನ್ನೇ ಗುರಿಯಾಗಿಸುವ, ದಿನವೂ ನುಂಗುವ ಟಾರ್ಗೆಟೆಡ್ ಗುಳಿಗೆಯನ್ನೂ ಮೂರು ವಾರಕ್ಕೊಮ್ಮೆ ಏರಿಸುವ ಕಿಮೋವನ್ನೂ ಜೊತೆಯಾಗಿ ಕೊಡೋಣ ಎಂದು ವೈದ್ಯರು ಹೇಳಿದಾಗ, ಒಂದು ಸಾಲದೆ, ಎರಡೂ ಏಕೆ ಎಂಬ ಪ್ರಶ್ನೆ ಮನೆಯವರಲ್ಲಿ ಏಳುತ್ತದೆ. ಹೊಳಲ್ಕೆರೆಯ ನಮ್ಮ ಚಿಕ್ಕಮ್ಮನ ವಿಷಯದಲ್ಲಿ ಆ ಪ್ರಶ್ನೆಯನ್ನು ನಾನೂ ಕೇಳಿದ್ದೆ. ಅವರು ಬೀಡಿ, ಸಿಗರೇಟು ಮುಟ್ಟಿದವರಲ್ಲ; ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕೂತವರು. ನಾನು ವೈದ್ಯನಲ್ಲ. ಎರಡು ವರ್ಷ ಫೈಲು, ಔಷಧದ ಚೀಲ ಹಿಡಿದು ದಾವಣಗೆರೆ, ಚಿತ್ರದುರ್ಗ, ಬೆಂಗಳೂರುಗಳ ನಡುವೆ ಓಡಾಡಿದವನು. ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ಕ್ಯಾನ್ಸರ್ ತಜ್ಞರೇ ನಿರ್ಧರಿಸಬೇಕು. ಆದರೆ ಆ ನಿರ್ಧಾರ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯಲ್ಲೇ ಆಗಬೇಕಾಗುತ್ತದೆ, ಅದರಲ್ಲೂ ಆಸ್ಪತ್ರೆ 200, 260 ಕಿಲೋಮೀಟರ್ ದೂರದಲ್ಲಿರುವಾಗ. ಆ ಕೆಲಸದ ವಿವರವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಜೀನ್ ರಿಪೋರ್ಟು, ಆಮೇಲೆ ಔಷಧ

ಜೋಡಿ ಚಿಕಿತ್ಸೆ ಎಲ್ಲ ಶ್ವಾಸಕೋಶದ ಕ್ಯಾನ್ಸರಿಗೂ ಅಲ್ಲ. ಈ ರೋಗದಲ್ಲಿ ಸುಮಾರು 85 ಶೇಕಡಾ 'ನಾನ್ ಸ್ಮಾಲ್ ಸೆಲ್' ಎಂಬ ಬಗೆಯದು. ಅದರೊಳಗೆ ಅಡಿನೋಕಾರ್ಸಿನೋಮಾ ಎಂಬುದೇ ಹೆಚ್ಚು. ಭಾರತದ ಅಡಿನೋಕಾರ್ಸಿನೋಮಾ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರ ಗಡ್ಡೆಯಲ್ಲಿ ಇಜಿಎಫ್‌ಆರ್ ಎಂಬ ಜೀನು ಮಾರ್ಪಾಡಾಗಿ ಕೆಟ್ಟಿರುತ್ತದೆ. ಬೀಡಿ ಸಿಗರೇಟು ಸೇದದವರಲ್ಲಿ, ಹೆಂಗಸರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಜೀವಕೋಶವನ್ನು 'ಬೆಳೆ' ಎಂದು ಎಚ್ಚರಿಸುವ ಗುಂಡಿ ಒತ್ತಿದಂತೆಯೇ ಸಿಕ್ಕಿಕೊಂಡಿರುವ ಸ್ಥಿತಿ ಅದು. ಗೆಫಿಟಿನಿಬ್, ಎರ್ಲೋಟಿನಿಬ್, ಓಸಿಮರ್ಟಿನಿಬ್ ಮುಂತಾದ ಗುಳಿಗೆಗಳು ಆ ಗುಂಡಿಯನ್ನು ಬಿಡಿಸುತ್ತವೆ. ಗುಂಡಿ ಸಿಕ್ಕಿಕೊಂಡೇ ಇಲ್ಲದವರಿಗೆ ಈ ಗುಳಿಗೆ ಕೊಟ್ಟರೆ ಹಣ ಹೋಗುತ್ತದೆ, ಸಮಯವೂ ಹೋಗುತ್ತದೆ.

ಇದು ಊಹೆಯ ಮಾತಲ್ಲ. ಗೆಫಿಟಿನಿಬ್ ಬಂದ ಹೊಸದರಲ್ಲಿ ಅದನ್ನು ಜೀನ್ ಪರೀಕ್ಷೆಯಿಲ್ಲದೆ ಎಲ್ಲ ಬಗೆಯ ರೋಗಿಗಳಿಗೂ ಕಿಮೋ ಜೊತೆಗೆ ಕೊಟ್ಟು ನೋಡಿದ್ದರು. 2004 ರಲ್ಲಿ ಪ್ರಕಟವಾದ ಆ ಎರಡು ದೊಡ್ಡ ಅಧ್ಯಯನಗಳಲ್ಲಿ ಕಿಮೋ ಒಂದನ್ನೇ ಪಡೆದವರಿಗಿಂತ ಜೋಡಿ ಪಡೆದವರು ಹೆಚ್ಚು ದಿನ ಬದುಕಲಿಲ್ಲ. ಅದೇ ವರ್ಷವೇ ಇಜಿಎಫ್‌ಆರ್ ಮಾರ್ಪಾಡಿನ ಶೋಧವೂ ಪ್ರಕಟವಾಯಿತು. ಜೋಡಿಸುವ ಯೋಚನೆಯಲ್ಲಿ ದೋಷವಿರಲಿಲ್ಲ, ಯಾರಿಗೆ ಜೋಡಿಸಬೇಕೆಂಬುದು ಗೊತ್ತಿರಲಿಲ್ಲ ಎಂಬುದು ತಿಳಿಯಲು ಮತ್ತೆ ಹದಿನೈದು ವರ್ಷ ಬೇಕಾಯಿತು.

ಆದ್ದರಿಂದ ಬಯಾಪ್ಸಿ ಮಾಡುವ ದಿನವೇ ಕೇಳಬೇಕಾದ ಮಾತು ಇದು: 'ಜೀನ್ ಪರೀಕ್ಷೆಗೆ ಸಾಕಾಗುವಷ್ಟು ಮಾಂಸದ ತುಣುಕು ಉಳಿಯುತ್ತದೆಯೇ?' ಒಂದೇ ಎಳೆ ತೆಗೆದು, ಅದನ್ನೆಲ್ಲ ರೋಗದ ಹೆಸರು ಹೇಳುವುದಕ್ಕೇ ಬಳಸಿಬಿಟ್ಟರೆ ಎರಡನೆಯ ಸಲ ಸೂಜಿ ಚುಚ್ಚಿಸಿಕೊಳ್ಳಬೇಕಾಗುತ್ತದೆ. ಎದೆಯಲ್ಲಿ ನೀರು ತುಂಬಿ ಅದನ್ನು ತೆಗೆಸಿದ್ದರೆ ಆ ನೀರಿನಲ್ಲಿರುವ ಜೀವಕೋಶಗಳಿಂದಲೂ ಪರೀಕ್ಷೆ ಸಾಧ್ಯ; ಆದ್ದರಿಂದ ನೀರನ್ನು ಚೆಲ್ಲುವ ಮುನ್ನ ಕೇಳಬೇಕು. ರಕ್ತದಿಂದಲೂ ಪರೀಕ್ಷಿಸಬಹುದು, ಆದರೆ ರಕ್ತದಲ್ಲಿ ಸಿಗಲಿಲ್ಲ ಎಂದ ಮಾತ್ರಕ್ಕೆ ಗಡ್ಡೆಯಲ್ಲಿಲ್ಲ ಎಂದು ತೀರ್ಮಾನಿಸಲಾಗದು. ಒಂದೇ ಜೀನನ್ನು ನೋಡುವ ಪರೀಕ್ಷೆಯ ಫಲ ಬೇಗ ಬರುತ್ತದೆ. ಹತ್ತಾರು ಜೀನುಗಳನ್ನು ಒಮ್ಮೆಗೇ ನೋಡುವ ಎನ್‌ಜಿಎಸ್ ಎಂಬುದಕ್ಕೆ ಎರಡು, ಮೂರು ವಾರ ಹಿಡಿಯುತ್ತದೆ. ರಿಪೋರ್ಟಿನಲ್ಲಿ 'ಎಕ್ಸಾನ್ 19 ಡಿಲೀಷನ್' ಅಥವಾ 'ಎಲ್858ಆರ್' (ಇಜಿಎಫ್‌ಆರ್ ಕೆಡುವ ಎರಡು ಮುಖ್ಯ ಬಗೆಗಳು) ಎಂದಿದ್ದರೆ ಈ ಬರಹ ನಿಮಗೆ ಸಂಬಂಧಿಸಿದ್ದು. 'ಎಕ್ಸಾನ್ 20 ಇನ್ಸರ್ಷನ್' ಎಂದಿದ್ದರೆ ದಾರಿ ಬೇರೆ. ಅಲ್ಲಿ ಕಿಮೋ ಜೊತೆಗೆ ಸೇರಿಸುವುದು ಅಮಿವಾಂಟಮಾಬ್ ಎಂಬ ಇಂಜೆಕ್ಷನ್ ಔಷಧವನ್ನು. 'ಎಎಲ್‌ಕೆ' ಎಂಬ ಇನ್ನೊಂದು ಜೀನು ಕೆಟ್ಟಿದೆ ಎಂದಿದ್ದರೆ ಅದಕ್ಕೆಂದೇ ಇರುವ ಗುಳಿಗೆಯನ್ನು ಸಾಮಾನ್ಯವಾಗಿ ಕಿಮೋ ಇಲ್ಲದೆ ಒಂದನ್ನೇ ಕೊಡುತ್ತಾರೆ.

ರಿಪೋರ್ಟು ಬರುವವರೆಗೆ ಕಾಯುವುದು ಮನೆಯವರಿಗೆ ಬಹಳ ಕಷ್ಟ. ಉಸಿರಾಟ ತೀರಾ ಹದಗೆಟ್ಟು ಕಾಯಲಾಗದಿದ್ದರೆ ಮೊದಲ ಸುತ್ತಿನ ಕಿಮೋವನ್ನು ಒಂದೇ ಆರಂಭಿಸಿ, ರಿಪೋರ್ಟು ಬಂದ ಮೇಲೆ ಗುಳಿಗೆ ಸೇರಿಸುವುದುಂಟು. ಆದರೆ ಆ ಅವಸರದಲ್ಲಿ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಇಮ್ಯುನೋಥೆರಪಿ ಇಂಜೆಕ್ಷನ್ನನ್ನೂ ಸೇರಿಸೋಣ ಎಂದು ಯಾರಾದರೂ ಹೇಳಿದರೆ, ಜೀನ್ ರಿಪೋರ್ಟು ಬಂದ ಮೇಲೆ ನೋಡೋಣವೇ ಎಂದು ಕೇಳುವುದು ಒಳ್ಳೆಯದು. ಇಜಿಎಫ್‌ಆರ್ ಮಾರ್ಪಾಡಿರುವವರಿಗೆ ಅದರಿಂದ ಲಾಭ ಕಡಿಮೆ. ಜೊತೆಗೆ, ಅದನ್ನು ಪಡೆದ ಬೆನ್ನಲ್ಲೇ ಓಸಿಮರ್ಟಿನಿಬ್ ಆರಂಭಿಸಿದರೆ ಶ್ವಾಸಕೋಶದಲ್ಲಿ ತೀವ್ರ ಉರಿಯೂತವಾಗುವ ಅಪಾಯ ಹೆಚ್ಚು.

ಜೋಡಿಸಿದರೆ ಸಿಗುವುದೇನು, ತೆರಬೇಕಾದದ್ದೇನು

ಗಡ್ಡೆಯೊಳಗಿನ ಜೀವಕೋಶಗಳೆಲ್ಲ ಒಂದೇ ತರದವಲ್ಲ. ಹೆಚ್ಚಿನವು ಕೆಟ್ಟ ಇಜಿಎಫ್‌ಆರನ್ನೇ ನೆಚ್ಚಿ ಬದುಕುತ್ತವೆ, ಅವು ಗುಳಿಗೆಗೆ ಬಗ್ಗುತ್ತವೆ. ಕೆಲವು ಮೊದಲಿನಿಂದಲೇ ಬೇರೆ ದಾರಿ ಹಿಡಿದಿರುತ್ತವೆ. ಗುಳಿಗೆಗೆ ಬಗ್ಗದ ಇವೇ ತಿಂಗಳುಗಳ ನಂತರ ಬೆಳೆದು ರೋಗ ಮರುಕಳಿಸುವುದಕ್ಕೆ ಕಾರಣವಾಗುತ್ತವೆ. ಕಿಮೋ ಜೀನು ಯಾವುದೆಂದು ನೋಡುವುದಿಲ್ಲ, ವಿಭಜಿಸುತ್ತಿರುವ ಕೋಶವನ್ನು ಹೊಡೆಯುತ್ತದೆ. ಮೊದಲಿನಿಂದಲೇ ಎರಡನ್ನೂ ಕೊಟ್ಟರೆ ಗುಳಿಗೆ ಬಿಟ್ಟದ್ದನ್ನು ಕಿಮೋ ಹಿಡಿಯುತ್ತದೆ ಎಂಬುದೇ ಜೋಡಿಯ ಹಿಂದಿನ ಲೆಕ್ಕ.

ಈ ಲೆಕ್ಕವನ್ನು ನಮ್ಮ ದೇಶದಲ್ಲೇ ಪರೀಕ್ಷಿಸಿದ್ದಾರೆ ಎಂಬುದನ್ನು ನಾನು ಮನೆಯವರಿಗೆಲ್ಲ ಒತ್ತಿ ಹೇಳಿದ್ದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 2016 ರಿಂದ 2018 ರವರೆಗೆ ಇಜಿಎಫ್‌ಆರ್ ಮಾರ್ಪಾಡಿರುವ 350 ರೋಗಿಗಳನ್ನು ಸೇರಿಸಿಕೊಂಡು, ಅರ್ಧದಷ್ಟು ಜನರಿಗೆ ಗೆಫಿಟಿನಿಬ್ ಒಂದನ್ನೇ, ಉಳಿದವರಿಗೆ ಗೆಫಿಟಿನಿಬ್ ಜೊತೆಗೆ ಪೆಮೆಟ್ರೆಕ್ಸೆಡ್, ಕಾರ್ಬೋಪ್ಲಾಟಿನ್ ಕಿಮೋವನ್ನೂ ಕೊಟ್ಟರು. ರೋಗ ಮತ್ತೆ ಬೆಳೆಯದೆ ಹಿಡಿತದಲ್ಲಿದ್ದ ಅವಧಿ ಗುಳಿಗೆಯೊಂದರಲ್ಲೇ 8 ತಿಂಗಳು, ಜೋಡಿಯಲ್ಲಿ 16 ತಿಂಗಳು. ಜೋಡಿ ಪಡೆದವರು ಹೆಚ್ಚು ಕಾಲ ಬದುಕಿದರು ಕೂಡ. ಗೆಫಿಟಿನಿಬ್ ಈಗ ಜೆನೆರಿಕ್ ಆಗಿ ಕಡಿಮೆ ಬೆಲೆಗೆ ಸಿಗುವುದರಿಂದ, ಕೈ ಸಣ್ಣದಾಗಿರುವ ಮನೆಗಳಿಗೆ ಈ ಅಧ್ಯಯನದ ಬೆಲೆ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಹೊಸ ಪೀಳಿಗೆಯ ಓಸಿಮರ್ಟಿನಿಬ್ ವಿಷಯದಲ್ಲೂ ಹಾಗೆಯೇ ಆಯಿತು. 557 ರೋಗಿಗಳ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಈ ಗುಳಿಗೆಯೊಂದನ್ನೇ ಪಡೆದವರಲ್ಲಿ ರೋಗ 16.7 ತಿಂಗಳು, ಕಿಮೋ ಸೇರಿಸಿದವರಲ್ಲಿ 25.5 ತಿಂಗಳು ಹಿಡಿತದಲ್ಲಿತ್ತು. 2025 ರಲ್ಲಿ ಹೊರಬಂದ ಅಂತಿಮ ಲೆಕ್ಕದಲ್ಲಿ ಬದುಕಿದ ಅವಧಿ ಕ್ರಮವಾಗಿ 37.6 ಮತ್ತು 47.5 ತಿಂಗಳು. ಇವೆಲ್ಲ ಮಧ್ಯದ ಅಂಕಿಗಳು, ಅಂದರೆ ಅರ್ಧ ಜನ ಇದಕ್ಕಿಂತ ಮೊದಲೇ ತೊಂದರೆಗೊಳಗಾದರು, ಅರ್ಧ ಜನ ಇದನ್ನು ದಾಟಿದರು. ಇಂಥವರಿಗೆ ಇಷ್ಟೇ ತಿಂಗಳು ಎಂದು ಇವನ್ನು ಓದಬಾರದು.

ಈ ಲಾಭಕ್ಕೆ ಬೆಲೆಯೂ ಇದೆ. ಮುಂಬೈ ಅಧ್ಯಯನದಲ್ಲಿ ತೀವ್ರ ಅಡ್ಡಪರಿಣಾಮ ಗುಳಿಗೆಯವರಲ್ಲಿ 25 ಶೇಕಡಾ ಜನರಿಗೆ, ಜೋಡಿಯವರಲ್ಲಿ 51 ಶೇಕಡಾ ಜನರಿಗೆ ಆಯಿತು. ಓಸಿಮರ್ಟಿನಿಬ್ ಅಧ್ಯಯನದಲ್ಲಿ 27 ಮತ್ತು 64. ಹಾಸಿಗೆ ಬಿಟ್ಟು ಏಳಲಾಗದವರಿಗೆ, ಮೂತ್ರಪಿಂಡ ಸೋತವರಿಗೆ, ತೀರಾ ವಯಸ್ಸಾದವರಿಗೆ ಗುಳಿಗೆಯೊಂದೇ ಒಳ್ಳೆಯದೆಂದು ವೈದ್ಯರು ಹೇಳಿದರೆ ಅದನ್ನು ಕೈಬಿಟ್ಟರೆಂದು ತಿಳಿಯಬಾರದು. ಗಟ್ಟಿಮುಟ್ಟಾಗಿರುವವರಿಗೆ, ಮೆದುಳಿಗೆ ಹರಡಿರುವವರಿಗೆ, ರೋಗದ ಹೊರೆ ಹೆಚ್ಚಿರುವವರಿಗೆ ಜೋಡಿಯ ಲಾಭ ಎದ್ದು ಕಾಣುತ್ತದೆ. ವೈದ್ಯರ ಮುಂದೆ ಕೂತಾಗ ಕೇಳಬೇಕಾದ ಪ್ರಶ್ನೆಯನ್ನು 'ಯಾವುದು ಒಳ್ಳೆಯ ಔಷಧ?' ಎಂಬುದಕ್ಕಿಂತ, 'ಇವರ ದೇಹಕ್ಕೆ, ನಮ್ಮ ಊರಿನಿಂದ ಓಡಾಡುವ ನಮ್ಮ ಶಕ್ತಿಗೆ, ಜೋಡಿ ಹೊಂದುತ್ತದೆಯೇ?' ಎಂದು ಕೇಳಿದರೆ ಉತ್ತರವೂ ನೇರವಾಗಿ ಬರುತ್ತದೆ.

ಬೆವಾಸಿಜುಮಾಬ್ ಎಂಬ ಇಂಜೆಕ್ಷನ್ ಕೂಡ ಟಾರ್ಗೆಟೆಡ್ ಔಷಧವೇ. ಅದು ಗಡ್ಡೆ ತನಗಾಗಿ ಹೊಸ ರಕ್ತನಾಳ ಬೆಳೆಸಿಕೊಳ್ಳುವುದನ್ನು ತಡೆಯುತ್ತದೆ, ಜೀನ್ ಮಾರ್ಪಾಡನ್ನು ನೆಚ್ಚುವುದಿಲ್ಲ. ಕಿಮೋ ಜೊತೆಗೆ ಅದನ್ನು ಕೊಡುವಾಗ ಕೆಮ್ಮಿನಲ್ಲಿ ರಕ್ತ ಬೀಳುತ್ತಿದೆಯೇ, ಬಿಪಿ ಎಷ್ಟಿದೆ ಎಂಬುದನ್ನು ಮುಚ್ಚಿಡದೆ ಹೇಳಬೇಕು. ನಾನ್ ಸ್ಮಾಲ್ ಸೆಲ್‌ನ ಇನ್ನೊಂದು ಒಳಬಗೆಯಾದ ಸ್ಕ್ವೇಮಸ್ ಕ್ಯಾನ್ಸರಿಗೆ ಅದನ್ನು ಕೊಡುವುದಿಲ್ಲ.

ಕಿಮೋಗೆ ಒಂದು ವಾರ ಮುಂಚಿನಿಂದ

ಜೋಡಿಯ ಕಿಮೋ ಭಾಗ ಸಾಮಾನ್ಯವಾಗಿ ಹೀಗಿರುತ್ತದೆ: ಪೆಮೆಟ್ರೆಕ್ಸೆಡ್ ಮತ್ತು ಕಾರ್ಬೋಪ್ಲಾಟಿನ್ 21 ದಿನಕ್ಕೊಮ್ಮೆ ನಾಲ್ಕು ಸುತ್ತು, ಆಮೇಲೆ ಕಾರ್ಬೋಪ್ಲಾಟಿನ್ ನಿಲ್ಲಿಸಿ ಪೆಮೆಟ್ರೆಕ್ಸೆಡ್ ಒಂದನ್ನೇ ಗುಳಿಗೆಯ ಜೊತೆಗೆ, ದೇಹ ತಡೆಯುವವರೆಗೆ, ರೋಗ ಹಿಡಿತದಲ್ಲಿರುವವರೆಗೆ ಮುಂದುವರಿಸುವುದು. ಗುಳಿಗೆ ಮಾತ್ರ ಕಿಮೋ ದಿನವೂ ತಪ್ಪದೆ ನಡೆಯುತ್ತದೆ: ಗೆಫಿಟಿನಿಬ್ ಆದರೆ 250 ಮಿಲಿಗ್ರಾಂ, ಓಸಿಮರ್ಟಿನಿಬ್ ಆದರೆ 80 ಮಿಲಿಗ್ರಾಂ, ದಿನಕ್ಕೊಂದು, ಒಂದೇ ಹೊತ್ತಿಗೆ.

ಪೆಮೆಟ್ರೆಕ್ಸೆಡ್ ಎಂಬುದು ಫೋಲಿಕ್ ಆಮ್ಲದ ಕೆಲಸಕ್ಕೇ ಅಡ್ಡಗಾಲು ಹಾಕುವ ಔಷಧ. ದೇಹದಲ್ಲಿ ಫೋಲಿಕ್ ಆಮ್ಲ ಮತ್ತು ಬಿ12 ಕಡಿಮೆಯಿದ್ದರೆ ಅದು ಬಿಳಿ ರಕ್ತಕಣ, ಬಾಯಿ, ಕರುಳು ಎಲ್ಲವನ್ನೂ ಅತಿಯಾಗಿ ಹೊಡೆಯುತ್ತದೆ. ಅದಕ್ಕಾಗಿ ಮೊದಲ ಕಿಮೋಗೆ ಒಂದು ವಾರ ಮುಂಚೆ 1000 ಮೈಕ್ರೋಗ್ರಾಂ ಬಿ12 ಇಂಜೆಕ್ಷನ್ ಒಮ್ಮೆ, ಆಮೇಲೆ ಒಂಬತ್ತು ವಾರಕ್ಕೊಮ್ಮೆ. ಫೋಲಿಕ್ ಆಮ್ಲದ ಗುಳಿಗೆ ಕಿಮೋಗೆ ಐದರಿಂದ ಏಳು ದಿನ ಮುಂಚಿನಿಂದ ಆರಂಭಿಸಿ ದಿನವೂ, ಕೊನೆಯ ಪೆಮೆಟ್ರೆಕ್ಸೆಡ್ ಆದ ಮೇಲೂ 21 ದಿನ. ಫೋಲಿಕ್ ಆಮ್ಲದ ಪ್ರಮಾಣ 400 ರಿಂದ 1000 ಮೈಕ್ರೋಗ್ರಾಂ. ಮೆಡಿಕಲ್ ಅಂಗಡಿಯಲ್ಲಿ ಕೇಳಿದೊಡನೆ ಕೈಗೆ ಕೊಡುವ 5 ಮಿಲಿಗ್ರಾಂ ಗುಳಿಗೆ ಅದರ ಐದು ಪಟ್ಟು ಮತ್ತು ಅದಕ್ಕಿಂತ ಹೆಚ್ಚು. ಆದ್ದರಿಂದ ಎಷ್ಟರ ಗುಳಿಗೆ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು.

ನಮ್ಮ ಮನೆಯಲ್ಲಿ ಇದರಲ್ಲೇ ಮುಗ್ಗರಿಸಿದೆವು. ಮೊದಲ ಕಿಮೋ ದಿನ ಬೆಳಗಿನ ಜಾವ ಬೆಂಗಳೂರಿನಲ್ಲಿ ಬಸ್ಸಿಳಿದು, ಟೋಕನ್ ಹಿಡಿದು ಹನ್ನೊಂದು ಗಂಟೆಯವರೆಗೆ ಕೂತ ಮೇಲೆ, 'ಬಿ12 ಯಾವಾಗ ಹಾಕಿಸಿದಿರಿ?' ಎಂದು ಸಿಸ್ಟರ್ ಕೇಳಿದರು. ಹಿಂದಿನ ಭೇಟಿಯ ಚೀಟಿಯ ಕೆಳತುದಿಯಲ್ಲಿ ಬರೆದಿದ್ದ ಒಂದು ಸಾಲನ್ನು ನಾವು ಬಲವರ್ಧಕ ಟಾನಿಕ್ ಇರಬೇಕೆಂದು ಬಿಟ್ಟುಬಿಟ್ಟಿದ್ದೆವು. ಓದಿ ಹೇಳಿದವರೂ ಯಾರೂ ಇರಲಿಲ್ಲ. ಆ ದಿನ ಇಂಜೆಕ್ಷನ್ ಹಾಕಿಸಿಕೊಂಡು ಬರಿಗೈಯಲ್ಲಿ ವಾಪಸು ಬಂದೆವು. ಚಿಕ್ಕಮ್ಮ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ.

ಕಿಮೋ ಹಿಂದಿನ ದಿನ, ಕಿಮೋ ದಿನ, ಮರುದಿನ ಹೀಗೆ ಮೂರು ದಿನ ಡೆಕ್ಸಾಮೆಥಾಸೋನ್ 4 ಮಿಲಿಗ್ರಾಂ ದಿನಕ್ಕೆರಡು ಸಲ ಕೊಡುತ್ತಾರೆ. ಇದು ಚರ್ಮದ ಗಂಧೆಯನ್ನು ತಡೆಯಲು. ಸಕ್ಕರೆ ಕಾಯಿಲೆಯಿರುವವರಿಗೆ ಈ ಮೂರು ದಿನ ಸಕ್ಕರೆ ಮಟ್ಟ ಏರುವುದು ಖಚಿತವೆಂದೇ ತಿಳಿದು, ಮನೆಯಲ್ಲಿ ಗ್ಲುಕೋಮೀಟರ್ ಇಟ್ಟುಕೊಂಡು, ಇನ್ಸುಲಿನ್ ಅಥವಾ ಗುಳಿಗೆ ಹೆಚ್ಚಿಸಬೇಕೇ ಎಂದು ಮೊದಲೇ ಕೇಳಿಕೊಳ್ಳಬೇಕು. ನಿದ್ದೆ ಬರದಿರುವುದೂ ಇದರಿಂದಲೇ. ಎರಡನೆಯ ಗುಳಿಗೆಯನ್ನು ರಾತ್ರಿಗೆ ಬಿಡದೆ ಸಂಜೆ ನಾಲ್ಕೈದು ಗಂಟೆಗೆ ಕೊಡಬಹುದೇ ಎಂದು ವಿಚಾರಿಸಿ.

ರಕ್ತ ಪರೀಕ್ಷೆಯನ್ನು ಬೆಂಗಳೂರಿಗೆ ಹೋದ ಮೇಲೆ ಮಾಡಿಸುವುದಕ್ಕಿಂತ ಎರಡು ದಿನ ಮುಂಚೆ ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಮಾಡಿಸಿ ರಿಪೋರ್ಟಿನ ಫೋಟೋವನ್ನು ಚಿಕಿತ್ಸೆಯ ತಂಡಕ್ಕೆ ವಾಟ್ಸಾಪ್ ಮಾಡಲು ಒಪ್ಪಿಗೆ ಪಡೆದುಕೊಂಡರೆ, ವ್ಯರ್ಥ ಪ್ರಯಾಣ ತಪ್ಪುತ್ತದೆ. ಸಿಬಿಸಿ (ರಕ್ತಕಣಗಳ ಎಣಿಕೆ), ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಯಕೃತ್ತಿನ ಪರೀಕ್ಷೆ ಇಷ್ಟು ಸಾಕು. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ 1500ಕ್ಕಿಂತ, ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕಿಮೋವನ್ನು ಮುಂದೂಡುತ್ತಾರೆ. ಮೂತ್ರಪಿಂಡದ ಕೆಲಸ ಒಂದು ಮಟ್ಟಕ್ಕಿಂತ ಕುಸಿದರೆ ಪೆಮೆಟ್ರೆಕ್ಸೆಡ್ ಕೊಡಲಾಗದು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದೇ ಕ್ರಿಯಾಟಿನಿನ್ ಏರಿಸಿಕೊಂಡು ಬಂದವರನ್ನು ಡೇ ಕೇರ್ ವಾರ್ಡಿನಲ್ಲಿ ಕಂಡಿದ್ದೇನೆ.

ಗುಳಿಗೆಯ ಜೊತೆ ಕೂಡದ ಔಷಧಗಳು

ಎಕ್ಸ್‌ರೇಯಲ್ಲಿ ಶ್ವಾಸಕೋಶದ ಕಲೆ ಕಂಡೊಡನೆ ಟಿಬಿ ಇರಬೇಕೆಂದು ಔಷಧ ಆರಂಭಿಸುವುದು ನಮ್ಮ ಕಡೆ ಅಪರೂಪವಲ್ಲ. ಟಿಬಿ ನಮ್ಮಲ್ಲಿ ಅಷ್ಟು ಸಾಮಾನ್ಯವಾದ್ದರಿಂದ ಅದನ್ನು ತಪ್ಪೆಂದೂ ಹೇಳಲಾಗದು. ಆದರೆ ಟಿಬಿ ಔಷಧದಲ್ಲಿರುವ ರಿಫಾಂಪಿಸಿನ್, ಗೆಫಿಟಿನಿಬ್ ಮತ್ತು ಓಸಿಮರ್ಟಿನಿಬ್ ಎರಡನ್ನೂ ಯಕೃತ್ತಿನಲ್ಲಿ ಬೇಗ ಕರಗಿಸಿ, ರಕ್ತದಲ್ಲಿ ಅವುಗಳ ಮಟ್ಟವನ್ನು ಬಹುಪಾಲು ಇಳಿಸಿಬಿಡುತ್ತದೆ. ಮನೆಯಲ್ಲಿ ಉಳಿದ ಟಿಬಿ ಗುಳಿಗೆಗಳನ್ನು 'ಕೋರ್ಸ್ ಮುಗಿಸಿಬಿಡೋಣ' ಎಂದು ಜೊತೆಯಲ್ಲೇ ನುಂಗಿಸುವುದು ಸಲ್ಲದು. ನಿಜಕ್ಕೂ ಟಿಬಿಯೂ ಇದ್ದರೆ ಎರಡೂ ಕಡೆಯ ವೈದ್ಯರು ಪರಸ್ಪರ ಮಾತಾಡಿ ನಿರ್ಧರಿಸಬೇಕು. ಫಿಟ್ಸಿಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಕೂಡ ಇದೇ ತೊಂದರೆ ಮಾಡುತ್ತವೆ. ಮೆದುಳಿಗೆ ಹರಡಿ ಫಿಟ್ಸ್ ಬಂದವರಿಗೆ ಲೆವೆಟಿರಾಸಿಟಾಮ್ ಆಗಬಹುದೇ ಎಂದು ಕೇಳಬೇಕು.

ಇನ್ನೊಂದು, ಎಲ್ಲರ ಚೀಟಿಯಲ್ಲೂ ಇರುವ ಗ್ಯಾಸ್ ಗುಳಿಗೆ. ಹೊಟ್ಟೆಯ ಆಮ್ಲ ಇಳಿದರೆ ಗೆಫಿಟಿನಿಬನ್ನು ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಪ್ಯಾಂಟೊಪ್ರಜೋಲ್, ಓಮಿಪ್ರಜೋಲ್ ಬೇಕೇ ಬೇಕೆಂದಾದರೆ ಎರಡರ ನಡುವೆ 12 ಗಂಟೆ ಅಂತರವಿರಬೇಕು. ಆಂಟಾಸಿಡ್ ಆದರೆ ಆರು ಗಂಟೆ. ಓಸಿಮರ್ಟಿನಿಬ್‌ಗೆ ಈ ಕಾಟವಿಲ್ಲ. ಆದರೆ ಅದಕ್ಕೆ ಹೃದಯದ ಬಡಿತದ ಲಯವನ್ನು ಸ್ವಲ್ಪ ಎಳೆಯುವ ಗುಣವಿದೆ. ವಾಂತಿಗೆ ಕೊಡುವ ಓಂಡಾನ್ಸೆಟ್ರಾನ್, ಕೆಮ್ಮಿಗೆ ಊರಿನ ಕ್ಲಿನಿಕ್ಕಿನಲ್ಲಿ ಬರೆಯುವ ಅಜಿತ್ರೋಮೈಸಿನ್ ಎರಡಕ್ಕೂ ಅದೇ ಗುಣ. ಮೂರೂ ಸೇರುವ ಮುನ್ನ ಒಂದು ಇಸಿಜಿ ಮಾಡಿಸುವುದು ದೊಡ್ಡ ಖರ್ಚಲ್ಲ.

ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗುವ ಅಭ್ಯಾಸವನ್ನು ಕಿಮೋ ಆಸುಪಾಸಿನ ದಿನಗಳಲ್ಲಿ ಬಿಡಬೇಕು; ಅವು ಮೂತ್ರಪಿಂಡದಿಂದ ಪೆಮೆಟ್ರೆಕ್ಸೆಡ್ ಹೊರಹೋಗುವುದನ್ನು ತಡೆಯುತ್ತವೆ. ಪ್ಯಾರಾಸಿಟಮಾಲ್ ಆಗಬಹುದು, ಆದರೆ ಅದನ್ನು ಕೊಡುವ ಮುನ್ನ ಜ್ವರ ನೋಡಲೇಬೇಕು. ಮಲೆನಾಡಿನ ಕಡೆಯಿಂದ ತರಿಸುವ ತೊಗಟೆಯ ಕಷಾಯ, ಅಮೃತಬಳ್ಳಿ ರಸ ಇವುಗಳ ಬಗ್ಗೆ ಮನೆಗೊಬ್ಬರು ಹೇಳುವವರಿರುತ್ತಾರೆ. ಅಮೃತಬಳ್ಳಿಯಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಗೆಫಿಟಿನಿಬ್ ಕೂಡ ಯಕೃತ್ತಿನ ಕಿಣ್ವಗಳನ್ನು ಏರಿಸುವ ಔಷಧ. ಎರಡನ್ನೂ ಕೊಟ್ಟು ಕಾಮಾಲೆ ಬಂದರೆ ಯಾವುದರಿಂದ ಬಂತೆಂದು ತಿಳಿಯದೆ, ಕೆಲಸ ಮಾಡುತ್ತಿರುವ ಗುಳಿಗೆಯನ್ನೇ ನಿಲ್ಲಿಸಬೇಕಾಗುತ್ತದೆ. ಹಿರಿಯರಿಗೆ ಈ ಮಾತನ್ನು ಹೀಗೆ ಹೇಳಿದಾಗಲೇ ಅವರು ಒಪ್ಪಿದ್ದು. ನಾಟಿ ಔಷಧವನ್ನು ಹೀಗಳೆದಾಗ ಒಪ್ಪಿರಲಿಲ್ಲ.

ಗುಳಿಗೆ ನುಂಗುವುದು ಮರೆತರೆ, ಮುಂದಿನ ಗುಳಿಗೆಗೆ 12 ಗಂಟೆಗಿಂತ ಹೆಚ್ಚು ಸಮಯವಿದ್ದರೆ ನೆನಪಾದೊಡನೆ ಕೊಡಬಹುದು; ಇಲ್ಲವಾದರೆ ಆ ದಿನದ್ದನ್ನು ಬಿಡಬೇಕು. ಎರಡನ್ನು ಒಟ್ಟಿಗೆ ಕೊಡಬಾರದು.

ಮನೆಯಲ್ಲಿ ಕಣ್ಣಿಡಬೇಕಾದದ್ದು

ಎಲ್ಲಕ್ಕಿಂತ ಮೊದಲು ಜ್ವರ. ಕಿಮೋ ಆದ ಏಳರಿಂದ ಹದಿನಾಲ್ಕನೆಯ ದಿನದೊಳಗೆ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ, ರಾತ್ರಿ ಎರಡು ಗಂಟೆಯೇ ಆಗಿರಲಿ, ಬೆಳಗಾಗಲಿ ಎಂದು ಕಾಯಬಾರದು. ಬೆಂಗಳೂರಿನ ಆಸ್ಪತ್ರೆಗೇ ಹೋಗಬೇಕೆಂದು ಕಾರು ಹುಡುಕುತ್ತಾ ಕೂರಬಾರದು. ದಾವಣಗೆರೆ ಅಥವಾ ಚಿತ್ರದುರ್ಗದಲ್ಲಿ 24 ಗಂಟೆ ತೆರೆದಿರುವ, ವೈದ್ಯಕೀಯ ಕಾಲೇಜಿನ ಅಥವಾ ಜಿಲ್ಲಾ ಆಸ್ಪತ್ರೆಯ ತುರ್ತು ಘಟಕಕ್ಕೆ ಹೋಗಿ, ರಕ್ತನಾಳದ ಮೂಲಕ ಆಂಟಿಬಯಾಟಿಕ್ ಆರಂಭಿಸಿಕೊಳ್ಳಬೇಕು. ಇದಕ್ಕೆ ತಜ್ಞರಿಂದ ಮೊದಲೇ ಒಂದು ಪತ್ರ ಬರೆಸಿ ಇಟ್ಟುಕೊಳ್ಳಿ: ರೋಗಿಯ ಹೆಸರು, ಕೊಡುತ್ತಿರುವ ಕಿಮೋ, ಕೊನೆಯ ಕಿಮೋ ದಿನಾಂಕ, ಜ್ವರ ಬಂದರೆ ತಕ್ಷಣ ಸಿಬಿಸಿ ಮಾಡಿಸಿ ಆಂಟಿಬಯಾಟಿಕ್ ಕೊಡಬೇಕೆಂಬ ಮಾತು. ಆ ಪತ್ರವಿಲ್ಲದೆ ಹೋದರೆ 'ವೈರಲ್ ಜ್ವರ' ಎಂದು ಗುಳಿಗೆ ಕೊಟ್ಟು ಮನೆಗೆ ಕಳಿಸುವ ಸಾಧ್ಯತೆಯಿದೆ.

ಉಸಿರಾಟದ ಬದಲಾವಣೆಯೂ ಅಷ್ಟೇ ಮುಖ್ಯ. ಈ ಗುಳಿಗೆಗಳು ಅಪರೂಪಕ್ಕೆ ಶ್ವಾಸಕೋಶದಲ್ಲೇ ಉರಿಯೂತ ಉಂಟುಮಾಡುತ್ತವೆ. ಮೂರ್ನಾಲ್ಕು ದಿನದೊಳಗೆ ಒಣಕೆಮ್ಮು ಹೊಸದಾಗಿ ಶುರುವಾದರೆ, ನೆನ್ನೆ ಹತ್ತಿದ ಮೆಟ್ಟಿಲು ಇಂದು ಹತ್ತಲಾಗದಿದ್ದರೆ, ಅದನ್ನು ಧೂಳು, ಮಂಡಕ್ಕಿ ಭಟ್ಟಿಯ ಹೊಗೆ ಎಂದು ತಳ್ಳಿಹಾಕದೆ, ಆ ದಿನದ ಗುಳಿಗೆಯನ್ನು ಕೊಡುವ ಮುನ್ನ ವೈದ್ಯರಿಗೆ ಫೋನ್ ಮಾಡಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರ್ ಕೋವಿಡ್ ಕಾಲದಿಂದ ಎಷ್ಟೋ ಮನೆಗಳಲ್ಲಿದೆ. ಅದರ ಬೆಳಗಿನ ಅಂಕಿಯನ್ನು ದಿನವೂ ಬರೆದಿಟ್ಟರೆ ಬದಲಾವಣೆ ಬೇಗ ಕಾಣುತ್ತದೆ.

ಭೇದಿ, ಚರ್ಮ, ಉಗುರು ಇವು ಪ್ರಾಣಕ್ಕೆ ಎರವಾಗುವುದು ಕಡಿಮೆ, ಆದರೆ ರೋಗಿ ಔಷಧವನ್ನೇ ಬೇಡವೆನ್ನುವಂತೆ ಮಾಡುವುದು ಇವೇ. ಮಾಮೂಲಿಗಿಂತ ನಾಲ್ಕಕ್ಕಿಂತ ಹೆಚ್ಚು ಸಲ ಭೇದಿಯಾದರೆ ಓಆರ್‌ಎಸ್ ಆರಂಭಿಸಿ ವೈದ್ಯರು ಮೊದಲೇ ಹೇಳಿಕೊಟ್ಟ ಲೋಪೆರಮೈಡ್ ಕೊಟ್ಟು ತಿಳಿಸಬೇಕು. ರಾಗಿ ಗಂಜಿ, ಮೆತ್ತಗೆ ಬೆಂದ ಅನ್ನ, ತೆಳು ಮಜ್ಜಿಗೆ ಆ ದಿನಗಳಿಗೆ ಒಳ್ಳೆಯದು. ದಾವಣಗೆರೆಯಲ್ಲಿದ್ದುಕೊಂಡು ಬೆಣ್ಣೆ ದೋಸೆ ಬೇಡವೆನ್ನುವುದು ಕ್ರೌರ್ಯವೇ ಸರಿ, ಆದರೂ ಭೇದಿಯ ವಾರದಲ್ಲಿ ಅದು ಬೇಡ. ಬಿಳಿ ರಕ್ತಕಣ ಇಳಿದಿರುವ ವಾರದಲ್ಲಿ ಹಸಿ ಈರುಳ್ಳಿ, ಕೊತ್ತಂಬರಿ ಉದುರಿಸಿದ ಹೊರಗಿನ ಮಂಡಕ್ಕಿಯೂ ಬೇಡ. ಬಾಯಿ ಹುಣ್ಣಾದಾಗ ಜೋಳದ ರೊಟ್ಟಿಯನ್ನು ಹಾಲಲ್ಲೋ ಸಾರಲ್ಲೋ ನೆನೆಸಿ ಕೊಡಬಹುದು. ಉಪ್ಪು, ಸೋಡಾ ಬೆರೆಸಿದ ಬೆಚ್ಚನೆ ನೀರಿನಲ್ಲಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಬೇಕು.

ಮುಖ, ಎದೆಯ ಮೇಲೆ ಮೊಡವೆಯಂಥ ಗುಳ್ಳೆಗಳೇಳುತ್ತವೆ. ಅವು ಮೊಡವೆಯಲ್ಲ, ಮೊಡವೆಯ ಕ್ರೀಮು ಹಚ್ಚಿದರೆ ಚರ್ಮ ಇನ್ನೂ ಒಣಗಿ ಉರಿಯುತ್ತದೆ. ವಾಸನೆಯಿಲ್ಲದ ಮಾಯಿಶ್ಚರೈಸರ್ ಮೊದಲ ದಿನದಿಂದಲೇ ಹಚ್ಚುತ್ತಾ, ಬಿಸಿಲಿಗೆ ತಲೆಯ ಮೇಲೆ ಸೆರಗೋ ಟವೆಲ್ಲೋ ಇಲ್ಲದೆ ಹೊರಡಬಾರದು. ಉಗುರಿನ ಅಂಚು ಊದಿ ಕೀವಾಗುವುದು ಹೊಲದಲ್ಲಿ ಬರಿಗಾಲಲ್ಲಿ ನಡೆಯುವವರಿಗೆ ಬಹಳ ಕಾಡುತ್ತದೆ. ಉಗುರನ್ನು ಒಳಗೆ ಕೊರೆದು ಕತ್ತರಿಸದೆ, ನೇರವಾಗಿ ಕತ್ತರಿಸಿ, ಮುಚ್ಚಿದ ಚಪ್ಪಲಿ ಹಾಕಿಸಿ.

ಹಣ, ಪ್ರಯಾಣ

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30 ಶೇಕಡಾ, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ಕಿಮೋ ಪ್ಯಾಕೇಜಿಗೆ ಬರುತ್ತದೆಯೇ, ದಿನದ ಗುಳಿಗೆಯೂ ಬರುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಆಸ್ಪತ್ರೆಯಲ್ಲಿ ಯೋಜನೆಯ ನೆರವಿಗಿರುವ ಆರೋಗ್ಯಮಿತ್ರರ ಬಳಿ ಬೇರೆ ಬೇರೆಯಾಗಿ ಕೇಳಬೇಕು. ಒಂದಕ್ಕೆ ಹೌದೆಂದರೆ ಇನ್ನೊಂದಕ್ಕೂ ಹೌದೆಂದು ತಿಳಿದು ಹೊರಟವರು ಬಿಲ್ಲಿನ ಕೌಂಟರಿನಲ್ಲಿ ನಿಂತು ಪೇಚಾಡುತ್ತಾರೆ. ಓಸಿಮರ್ಟಿನಿಬ್ ಮೇಲಿನ ಆಮದು ಸುಂಕವನ್ನು 2024 ರಲ್ಲಿ ತೆಗೆದು, ಜಿಎಸ್‌ಟಿಯನ್ನು 12 ರಿಂದ 5 ಶೇಕಡಾಕ್ಕೆ ಇಳಿಸಿದರೂ ಅದು ಈಗಲೂ ದುಬಾರಿ ಗುಳಿಗೆಯೇ. ಕಂಪನಿಯ ರೋಗಿ ನೆರವು ಯೋಜನೆ ಇದೆಯೇ ಎಂದು ಮೊದಲ ಪಟ್ಟಿ ಕೊಳ್ಳುವ ಮುನ್ನವೇ ವಿಚಾರಿಸಬೇಕು. ಕೈಗೆಟುಕದಿದ್ದರೆ ಆರು ತಿಂಗಳು ದುಬಾರಿ ಗುಳಿಗೆ ಕೊಂಡು ಸಾಲಗಾರರಾಗಿ ನಿಲ್ಲಿಸುವುದಕ್ಕಿಂತ, ಗೆಫಿಟಿನಿಬ್ ಜೊತೆಗೆ ಕಿಮೋ ಎಂಬ ದಾರಿಯನ್ನು ಸಂಕೋಚವಿಲ್ಲದೆ ವೈದ್ಯರ ಮುಂದಿಡಿ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಸರ್ಕಾರಿ ಸಂಸ್ಥೆಯಲ್ಲಿ ಯೋಜನೆ ರೂಪಿಸಿಕೊಂಡು, ಕಿಮೋವನ್ನು ಹತ್ತಿರದಲ್ಲೇ ಪಡೆಯಲು ಸಾಧ್ಯವೇ ಎಂದು ಕೇಳುವುದು ಜಾಣತನ. ರಾಜ್ಯದ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ 2025 ರಲ್ಲಿ ಡೇ ಕೇರ್ ಕಿಮೋ ಕೇಂದ್ರಗಳು ಆರಂಭವಾಗಿವೆ. ಬೆಂಗಳೂರಿಗೇ ಹೋಗಬೇಕಾದರೆ ರೈಲ್ವೆಯಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಎಸಿ ತ್ರೀ ಟಯರಿನಲ್ಲಿ ಪೂರ್ತಿ, ಜೊತೆಗಾರರಿಗೆ 75 ಶೇಕಡಾ ರಿಯಾಯಿತಿಯಿದೆ. ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಬರೆಸಿಕೊಂಡಿರಬೇಕು.

ಸ್ಕ್ಯಾನ್ ದಿನ

ಮೊದಲ ಸಿಟಿ ಸ್ಕ್ಯಾನನ್ನು ಸಾಮಾನ್ಯವಾಗಿ ಆರರಿಂದ ಒಂಬತ್ತು ವಾರದೊಳಗೆ ಮಾಡಿಸುತ್ತಾರೆ. ಗಡ್ಡೆ ಕುಗ್ಗದೆ ಇದ್ದಷ್ಟೇ ಇದ್ದರೂ ಅದನ್ನು ಸೋಲೆಂದು ಎಣಿಸುವುದಿಲ್ಲ. ಮುಂದೊಂದು ದಿನ ಒಂದೇ ಜಾಗದಲ್ಲಿ ಬೆಳೆದರೆ ಗುಳಿಗೆ ಮುಂದುವರಿಸಿ ಆ ಜಾಗಕ್ಕೆ ಮಾತ್ರ ರೇಡಿಯೇಷನ್ ಕೊಡುವುದುಂಟು. ಎಲ್ಲ ಕಡೆ ಬೆಳೆದರೆ ಮತ್ತೆ ಬಯಾಪ್ಸಿ ಮಾಡಿಸಿ, ಜೀನು ಹೇಗೆ ಬದಲಾಗಿದೆ ಎಂದು ನೋಡಬೇಕಾಗುತ್ತದೆ. ಗೆಫಿಟಿನಿಬ್ ಪಡೆದವರಲ್ಲಿ ಸುಮಾರು ಅರ್ಧ ಜನರಿಗೆ ಟಿ790ಎಂ ಎಂಬ ಹೊಸ ಮಾರ್ಪಾಡು ಸಿಗುತ್ತದೆ, ಅದಕ್ಕೆ ಓಸಿಮರ್ಟಿನಿಬ್ ಕೆಲಸ ಮಾಡುತ್ತದೆ. ಹಳೆಯದರೊಂದಿಗೆ ಹೋಲಿಸಲು ಮೊದಲ ಬಯಾಪ್ಸಿಯ ಬ್ಲಾಕ್ ಆಗಲೂ ಬೇಕಾಗುತ್ತದೆ. ಅದು ಮೇಣದಲ್ಲಿ ಕೂರಿಸಿದ ತುಣುಕು. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಮನೆಯ ಅಟ್ಟದ ಮೇಲೋ ನಿಲ್ಲಿಸಿದ ಕಾರಿನೊಳಗೋ ಇಟ್ಟರೆ ಮೆತ್ತಗಾಗುತ್ತದೆ. ಚಿಕ್ಕಮ್ಮನ ಬ್ಲಾಕು, ಸ್ಲೈಡುಗಳ ಡಬ್ಬಿ ನಮ್ಮ ಮನೆಯಲ್ಲಿ ಬಿಸಿಲು ತಾಗದ ಒಳಕೋಣೆಯ ಬೀರುವಿನ ಕೆಳಖಾನೆಯಲ್ಲಿ, ಜಮೀನಿನ ಪತ್ರಗಳ ಪಕ್ಕದಲ್ಲಿವೆ.